ಸಗರನಾಡಿನ ಪದಗಳನ್ನು ಹೆಸರಿಗೆ ತಂದವರು ಯಾರು?

ಶಹಾಪುರ, ಸುರಪುರದ ಕಡೆ ಯಾರನ್ನಾದರೂ ನಿಲ್ಲಿಸಿ ‘ಹಳೇ ಪದ ಒಂದು ಹೇಳ್ರಿ’ ಎಂದು ಕೇಳಿದರೆ, ಅವರು ಎತ್ತಿಕೊಳ್ಳುವ ಪದದಿಂದಲೇ ಅವರು ಯಾವ ಓಣಿಯವರು ಎಂದು ಅರ್ಧ ತಿಳಿಯುತ್ತದೆ. ಭಜನಿ ಕಟ್ಟೆಯ ಮಂದಿ ಕಡಕೋಳ ಮಡಿವಾಳಪ್ಪನನ್ನು ತೆಗೆಯುತ್ತಾರೆ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ಬೆಳೆದವರು ಕರ್ಬಲದ ಕಥೆ ಎತ್ತುತ್ತಾರೆ. ಹಾಲುಮತದವರ ಬಾಯಲ್ಲಿ ಮಾಳಿಂಗರಾಯ, ಅಮೋಘಸಿದ್ಧ. ವಯಸ್ಸಾದ ಹೆಣ್ಣುಮಗಳು ಸಿಕ್ಕರೆ ಬೀಸುವ ಪದ, ಇಲ್ಲವೇ ಸೋಬಾನ. ಇಲ್ಲಿಯವರೆಗೆ ಯಾರೂ ತಡವರಿಸುವುದಿಲ್ಲ. ‘ಈ ಪದಾನ ಚೊಲೋ ಹಾಡಿ ಹೆಸರು ಮಾಡಿದವ್ರು ಯಾರ್ರೀ?’ ಎಂದು ಮುಂದಿನ ಪ್ರಶ್ನೆ ಹಾಕಿದಾಗ ಮಾತ್ರ ಮಾತು ನಿಧಾನವಾಗುತ್ತದೆ. ‘ಎಲ್ಲಾರೂ ಹಾಡ್ತಾರ್ರೀ. ನಮ್ಮ ಕಾಕಾನೂ ಹಾಡ್ತಿದ್ದ.’

ಈ ಉತ್ತರವನ್ನು ವಿನಯ ಎಂದು ತಿಳಿದು ದಾಟಿಬಿಡುವ ಹಾಗಿಲ್ಲ. ಕೃಷ್ಣೆ ಮತ್ತು ಭೀಮೆಯ ನಡುವಿನ ಸಗರನಾಡಿನಲ್ಲಿ ಪದ ಕಟ್ಟಿದವನ ಹೆಸರು ಇನ್ನೂರು ವರ್ಷವಾದರೂ ಉಳಿದಿದೆ. ಅದನ್ನು ಹೊತ್ತು ಊರೂರು ತಿರುಗಿದ ಹಾಡುಗಾರನ ಹೆಸರು ಅವನ ಮೊಮ್ಮಕ್ಕಳ ಕಾಲಕ್ಕೇ ಅಳಿಸಿದೆ. ಕೊಂಚ ದೂರದ ಧಾರವಾಡ, ವಿಜಯಪುರದ ಸೀಮೆಯಲ್ಲಿ ಪರಿಸ್ಥಿತಿ ಇಷ್ಟು ಕಟ್ಟುನಿಟ್ಟಾಗಿಲ್ಲ. ಅಲ್ಲಿ ಸಂಗ್ರಾಹಕರು ಬಂದರು, ಪುಸ್ತಕ ಬಂದವು, ರೇಡಿಯೊ ಬಂತು, ಕ್ಯಾಸೆಟ್ಟು ಬಂತು. ಇಲ್ಲಿಗೆ ಅವೆಲ್ಲ ತಡವಾಗಿ ಬಂದವು, ಕೆಲವು ಬರಲೇ ಇಲ್ಲ. ಯಾವ ಪದ ನಾಡಿಗೆಲ್ಲ ಗೊತ್ತಾಯಿತು, ಯಾವುದು ಊರ ಅಗಸಿ ದಾಟಲಿಲ್ಲ ಎಂಬುದನ್ನು ತೀರ್ಮಾನಿಸುವಲ್ಲಿ ಹಾಡಿನ ಗುಣಕ್ಕಿಂತ ಆಡಳಿತದ ಗಡಿಯ ಪಾತ್ರ ದೊಡ್ಡದು ಎಂಬುದು ನನ್ನ ಅನಿಸಿಕೆ. ಒಂದೊಂದು ಬಗೆಯ ಪದವನ್ನು ತೆಗೆದು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲು ಆ ಗಡಿಯನ್ನೇ ನೋಡೋಣ. 1948ರ ಸೆಪ್ಟೆಂಬರಿನವರೆಗೆ ಯಾದಗಿರಿ, ಶಹಾಪುರ, ಸುರಪುರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮಗ್ಗುಲಿನ ತಾಳಿಕೋಟೆ, ಮುದ್ದೇಬಿಹಾಳ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದವು. ಕೆಂಭಾವಿಯಿಂದ ತಾಳಿಕೋಟೆಗೆ ಎಷ್ಟು ದೂರ? ಸಂತೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗಿಬರುವಷ್ಟು. ಆದರೆ ಗಡಿಯ ಆ ಕಡೆ ಜೆ. ಎಫ್. ಫ್ಲೀಟ್ ಎಂಬ ಅಧಿಕಾರಿ ಇದ್ದ. ಮುಂಬಯಿ ಸರ್ಕಾರದ ನೌಕರಿಯಲ್ಲಿದ್ದು ಶಾಸನಗಳ ಹಿಂದೆ ಬಿದ್ದಿದ್ದ ಈ ಪಂಡಿತ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಮೂಲ ಪಾಠದೊಂದಿಗೆ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿಯ ಬೇಡರ ದಂಗೆಯ ಲಾವಣಿ, ಸಂಗ್ಯಾನ ಕೊಲೆಯ ಲಾವಣಿ, ವರಮಾನ ತೆರಿಗೆ ಬಂದಾಗ ಜನ ಕಟ್ಟಿದ ಲಾವಣಿ ಎಲ್ಲ ಅದರಲ್ಲಿವೆ. ಅಚ್ಚಾದ ಪದಕ್ಕೆ ಎರಡನೇ ಆಯುಷ್ಯ ಸಿಗುತ್ತದೆ. ಸಂಗ್ಯಾ ಬಾಳ್ಯಾ ಸಣ್ಣಾಟವಾಗಿ ಊರೂರು ತಿರುಗಿದ, ರಾಯಣ್ಣ ಸಿನಿಮಾವಾದ, ಹಲಗಲಿ ಪಠ್ಯಪುಸ್ತಕ ಸೇರಿತು.

ಸುರಪುರದ ಕಥೆ ಇದಕ್ಕಿಂತ ಸಣ್ಣದೇನಲ್ಲ. ರಾಜಾ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಗೆ ಎದುರು ನಿಂತದ್ದು, ಕ್ಯಾಪ್ಟನ್ ನ್ಯೂಬೆರಿ ಸತ್ತದ್ದು, ದೊರೆ ಹೈದರಾಬಾದಿನಲ್ಲಿ ಸೆರೆ ಸಿಕ್ಕದ್ದು, ಶಿಕ್ಷೆಗೆಂದು ಕರೆದೊಯ್ಯುವ ಹಾದಿಯಲ್ಲಿ ಗುಂಡಿಗೆ ಸತ್ತದ್ದು ಇವೆಲ್ಲ ಲಾವಣಿಗೆ ಹೇಳಿ ಮಾಡಿಸಿದ ವಸ್ತು. ದೊರೆ ತಾನೇ ಗುಂಡು ಹಾರಿಸಿಕೊಂಡನೋ, ಕೊಂದರೋ ಎಂಬ ಮಾತು ಸುರಪುರದ ಕಟ್ಟೆಗಳಲ್ಲಿ ಇವತ್ತಿಗೂ ಮುಗಿದಿಲ್ಲ. ಆ ಕಡೆ ದೊರೆಯ ಮೇಲೆ ಪದ ಹಾಡುವವರಿದ್ದಾರೆ. ಆದರೆ 1860ರಲ್ಲಿ ಸುರಪುರ ನಿಜಾಮನ ಕೈಗೆ ಹೋಯಿತು. ಫ್ಲೀಟನ ನೌಕರಿಯ ಹದ್ದು ಅಲ್ಲಿಗೆ ಮುಟ್ಟುತ್ತಿರಲಿಲ್ಲ, ಅವನ ಸಂಗ್ರಹಕ್ಕೆ ಸುರಪುರದ ದೊರೆ ಸೇರಲೂ ಇಲ್ಲ. ಹಾಗಾಗಿ ವೆಂಕಟಪ್ಪ ನಾಯಕನ ಬಗ್ಗೆ ಹೊರಗಿನ ಓದುಗರಿಗೆ ಮೊದಲು ದೊರೆತದ್ದು ಅವನ ಬಾಲ್ಯದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇಂಗ್ಲಿಷಿನಲ್ಲಿ ಬರೆದ ಆತ್ಮಕಥೆ. ಅದು ಹೊರಬಂದದ್ದು 1877ರಲ್ಲಿ, ಟೇಲರ್ ತೀರಿಕೊಂಡ ಮರುವರ್ಷ. ದೊರೆಯ ಮೇಲೆ ಅವನಿಗೆ ಮಮತೆ ಇತ್ತು, ಸುಳ್ಳಲ್ಲ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ, ನೋಡಲು ಬಂದವರಿಗೆ ಊರವರು ಹೆಮ್ಮೆಯಿಂದ ತೋರಿಸುತ್ತಾರೆ. ದೊರೆಯ ಪದ ಹಾಡಿದವನ ಮನೆ ಯಾವುದು ಎಂದು ತೋರಿಸುವವರು ಮಾತ್ರ ಸಿಗುವುದಿಲ್ಲ.

ಗಡಿಯ ಆಚೆ ಇನ್ನೊಂದು ದೊಡ್ಡ ಕೆಲಸ ನಡೆಯಿತು. ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಊರ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು, ಬೇಂದ್ರೆಯವರ ಮುನ್ನುಡಿಯ ಬಲ ಅದಕ್ಕೆ ಸಿಕ್ಕಿತು. 1933ರ ‘ಜೀವನ ಸಂಗೀತ’ ಲಾವಣಿಗಳ ಸಂಗ್ರಹ. ಹಲಸಂಗಿಯ ಖಾಜಾಭಾಯಿ ಎಂಬ ಲಾವಣಿಕಾರನ ಹೆಸರು ಕನ್ನಡ ಸಾಹಿತ್ಯ ಚರಿತ್ರೆಗೆ ಬಂದದ್ದು ಆ ಗೆಳೆಯರಿಂದ. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1950ರಲ್ಲಿ ಆಕಾಶವಾಣಿ. ಇತ್ತ ನಿಜಾಮರ ಸೀಮೆಯಲ್ಲಿ ಕಚೇರಿಯ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆಯೂ ಉರ್ದು. ಕಲಬುರಗಿಗೆ ಆಕಾಶವಾಣಿ ಬಂದದ್ದು 1966ರಲ್ಲಿ, ವಿಶ್ವವಿದ್ಯಾಲಯ 1980ರಲ್ಲಿ. ಅಷ್ಟರಲ್ಲಿ ಅದೆಷ್ಟು ಹಾಡುಗಾರರು ಮಣ್ಣಾದರೋ. ಒಂದು ಮಾತು ಸೇರಿಸಬೇಕು. ಶಾಲೆಯಲ್ಲಿ ಕನ್ನಡಕ್ಕೆ ಹೆಚ್ಚು ಜಾಗವಿಲ್ಲದ ನಿಜಾಮರ ಕಾಲದಲ್ಲಿ ಅಕ್ಷರ ಬಾರದವರಿಗೂ ಕನ್ನಡದ ದೊಡ್ಡ ಮಾತುಗಳನ್ನು ಬಾಯಿಪಾಠ ಮಾಡಿಸಿದ್ದು ಇದೇ ಭಜನಿ ಕಟ್ಟೆ.

ಹಾಗೆ ಬಾಯಿಪಾಠವಾದವುಗಳಲ್ಲಿ ಎತ್ತರದ ಮಣೆ ತತ್ವಪದದ್ದು. ಅದರ ಬೇರು ಬಹಳ ಹಳೆಯದು. ವಚನಕಾರರಲ್ಲಿ ಮೊದಲಿಗನೆನಿಸಿದ ದೇವರ ದಾಸಿಮಯ್ಯನ ಮುದನೂರು ಇದೇ ಸೀಮೆಯದು. 16ನೇ ಶತಮಾನದ ಕೊಡೇಕಲ್ಲ ಬಸವಣ್ಣನ ಕಾಲಜ್ಞಾನದ ವಚನಗಳು ಅಮರಗನ್ನಡ ಎಂಬ ಗುಪ್ತಲಿಪಿಯಲ್ಲೂ ಬರೆದಿಟ್ಟವು. ಹೊಳೆದಂಡೆಯ ತಿಂಥಣಿಯಲ್ಲಿ ಮೌನೇಶ್ವರ. ದೇವರಗೋನಾಲದಲ್ಲಿ ಹುಟ್ಟಿದ ಈ ಮೋನಪ್ಪಯ್ಯನ ಜಾತ್ರೆಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಕೊಡೇಕಲ್ಲಿನ ವಿಷಯದಲ್ಲಿ ಒಂದು ಬೆರಗಿನ ಸಂಗತಿ ಇದೆ. ಚಾಮರಾಜನಗರ, ಮಂಡ್ಯದ ಕಡೆ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದ ಪರಂಪರೆ ಈ ಕೊಡೇಕಲ್ಲಿನ ಕಡೆಗೇ ಬೆರಳು ಮಾಡುತ್ತದೆ. ಅಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಮನೆಮನೆ ಸೇರಿದವು, ಹಾಡುಗಾರನ ಹೆಸರೇ ಹಾಡಿನ ಗುರುತಾಯಿತು. ಮೂಲ ಊರಾದ ಕೊಡೇಕಲ್ಲಿನಲ್ಲಿ ಕಾಲಜ್ಞಾನ ಹಾಡಿ ಅಂಥ ಹೆಸರು ಮಾಡಿದವರು ಯಾರು ಎಂದರೆ ಮತ್ತೆ ಅದೇ ಉತ್ತರ, ‘ಎಲ್ಲಾರೂ ಹಾಡ್ತಾರ್ರೀ’.

ಇವರೆಲ್ಲರಿಗಿಂತ ಹೆಚ್ಚು ಬಾಯಲ್ಲಿ ಉಳಿದವನು ಕಡಕೋಳದ ಮಡಿವಾಳಪ್ಪ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, 19ನೇ ಶತಮಾನದ ಮೊದಲರ್ಧದಲ್ಲಿ ಕಡಕೋಳಕ್ಕೆ ಬಂದು ನೆಲೆಸಿದವನು. ಕಡಕೋಳ ಈಗ ಕಲಬುರಗಿ ಜಿಲ್ಲೆಯ ಯಡ್ರಾಮಿ ತಾಲ್ಲೂಕಿನಲ್ಲಿದೆ. ಶಹಾಪುರದವರಿಗೆ ಮಾತ್ರ ಅದು ಪರ ಊರಲ್ಲ, ಮಗ್ಗುಲ ಊರು. ಗುರು ಮಹಾಂತನ ಅಂಕಿತದ ಅವನ ಪದಗಳಲ್ಲಿ ಮಠದ ಅಯ್ಯಗಳಿಗೂ ಬಡಿತ ಇದೆ, ಮಡಿ ಮೈಲಿಗೆಗೂ ಇದೆ. ಬೈದು ಸುಮ್ಮನಾಗುವವನಲ್ಲ, ಮರುನುಡಿಯಲ್ಲಿ ತನ್ನನ್ನೇ ಕಟಕಟೆಗೆ ನಿಲ್ಲಿಸಿಕೊಳ್ಳುತ್ತಾನೆ. ಅವನ ಸುತ್ತ ಕೂಡಿದ ಶಿಷ್ಯರ ಹೆಸರು ಓದಿದರೇ ಸಾಕು, ಅವನ ಕಟ್ಟೆ ಎಂಥದಿತ್ತು ಎಂದು ತಿಳಿಯುತ್ತದೆ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪ, ರಾಮಪುರದ ಬಕ್ಕಪ್ಪ, ಕಡ್ಲೇವಾಡದ ಸಿದ್ದಪ್ಪ. ಎಲ್ಲರೂ ಪದಕಾರರೇ. ಹೆಸರಿನ ಜೊತೆ ಊರು ಅಂಟಿಕೊಂಡೇ ಬರುತ್ತದೆ. ಸಗರನಾಡಿನ ಮಂದಿ ಇವರನ್ನು ಕುಲದಿಂದ ಗುರುತಿಸದೆ ಊರಿನಿಂದ ಗುರುತಿಸಿದ್ದು ಸಣ್ಣ ಮಾತೇನಲ್ಲ.

ಇಲ್ಲಿ ಶಿಶುನಾಳ ಶರೀಫರ ಮಾತು ಬರದೆ ಇರದು. ಶರೀಫರು (1819–1889) ಮಡಿವಾಳಪ್ಪನಿಗಿಂತ ಒಂದು ತಲೆಮಾರು ಕಿರಿಯರು. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಆರಿಸಿದರು, ಸಿ. ಅಶ್ವಥ್ ಎದೆ ತುಂಬಿ ಹಾಡಿದರು, ಕ್ಯಾಸೆಟ್ಟು ಬೆಂಗಳೂರಿನ ಮನೆಗಳನ್ನು ಹೊಕ್ಕಿತು. 1990ರಲ್ಲಿ ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾದರು, ಅವರ ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡರು ಬಂದರು, ರಾಷ್ಟ್ರಪ್ರಶಸ್ತಿಯೂ ಬಂತು. ಅಲ್ಲಿಂದಾಚೆಗೆ ಕನ್ನಡದಲ್ಲಿ ತತ್ವಪದ ಎಂದರೆ ಶರೀಫರು ಎಂದಾಯಿತು. ಅವರ ಪದಗಳಿಗೆ ಆ ಯೋಗ್ಯತೆ ಇದೆ, ತಕರಾರಿಲ್ಲ. ಮಡಿವಾಳಪ್ಪನ ಪದಗಳಿಗೂ ಅಷ್ಟೇ ಯೋಗ್ಯತೆ ಇದೆ. ಕೆಲವು ಕಡೆ ಮಾತಿನ ಕಟುತನದಲ್ಲಿ ಅವನದೇ ಒಂದು ಕೈ ಮೇಲು ಎಂದು ನನಗನಿಸುತ್ತದೆ. ಅವನಿಗೆ ಅಶ್ವಥ್ ಸಿಗಲಿಲ್ಲ, ಅಷ್ಟೇ. ಕಡಕೋಳದವರೇ ಆದ ಮಲ್ಲಿಕಾರ್ಜುನ ಕಡಕೋಳ ಅವನ ಬಗ್ಗೆ ಎಡೆಬಿಡದೆ ಬರೆದಿದ್ದಾರೆ. ಕಲಬುರಗಿಯ ಮೀನಾಕ್ಷಿ ಬಾಳಿ ಈ ಭಾಗದ ತತ್ವಪದಕಾರರನ್ನು ಹುಡುಕಿ ತೆಗೆದವರಲ್ಲಿ ಪ್ರಮುಖರು. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಳಲ್ಲಿ ತಂದಿತು. ಪುಸ್ತಕದಲ್ಲಿ ಪದಕಾರ ಸಿಗುತ್ತಾನೆ, ಹಾಡುಗಾರ ಸಿಗುವುದಿಲ್ಲ.

ಹಾಡುಗಾರ ಸಿಗುವುದು ಅಮಾಸಿ ಭಜನಿಯಲ್ಲಿ. ಹನುಮಪ್ಪನ ಗುಡಿಯ ಕಟ್ಟೆ ಮೇಲೆ ಜಮಖಾನೆ ಹಾಸಿದೆ. ನಡುವೆ ಹಾರ್ಮೋನಿಯಂ, ಅದರ ಒಂದು ಮನೆ ಒತ್ತಿದರೆ ಮೇಲೇಳುವುದಿಲ್ಲ, ನುಡಿಸುವವನು ಅದನ್ನು ಬಿಟ್ಟೇ ಬೆರಳಾಡಿಸಲು ಕಲಿತಿದ್ದಾನೆ. ಮಗ್ಗುಲಲ್ಲಿ ತಬಲಾ, ದಮ್ಮಡಿ, ನಾಲ್ಕು ಜೊತೆ ತಾಳ. ಮುಂದೆ ಕೂತವನ ತೊಡೆ ಮೇಲೆ ಪದದ ವಹಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಇನ್ನೂರು ಪುಟದ ನೋಟ್‌ಬುಕ್ಕು. ಅಕ್ಷರ ಮೂವರ ಕೈಯವು. ಪ್ರತಿ ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನ ಮೊದಲ ಮಾತು ಬರೆದಿದೆ. ರಾಜಕುಮಾರರ ಕಾಲದ ಹಾಡಿನ ಧಾಟಿಗೆ ಮಡಿವಾಳಪ್ಪ ಕೂತಿದ್ದಾನೆ, ನಾಟಕ ಕಂಪನಿಯ ಧಾಟಿಗೆ ನಿಜಗುಣ ಶಿವಯೋಗಿ. ಇದನ್ನು ಕಂಡು ಮೂಗು ಮುರಿಯುವ ಪಂಡಿತರಿದ್ದಾರೆ. ಆದರೆ ಪದಗಳು ಇಷ್ಟು ವರ್ಷ ಬಾಳಿದ್ದು ಹೀಗೆ ಧಾಟಿ ಬದಲಿಸಿಯೇ. ಮುಂದಿನವನು ಒಂದು ನುಡಿ ಎತ್ತುತ್ತಾನೆ, ಹಿಮ್ಮೇಳ ಅದನ್ನು ಎರಡು ಸಲ ತಿರುವಿ ಒಪ್ಪಿಸುತ್ತದೆ. ಮೂರನೇ ನುಡಿಗೆ ಮುಂದಿನವನಿಗೆ ಉಸಿರು ಹಿಡಿದರೆ ಹಿಮ್ಮೇಳದ ಒಬ್ಬ ಎತ್ತಿಕೊಳ್ಳುತ್ತಾನೆ. ಯಾರು ಹಾಡಿದರು ಎಂಬುದಕ್ಕೆ ಉತ್ತರವಾಗಿ ಒಬ್ಬನ ಹೆಸರು ಹೇಳುವುದು ಅಲ್ಲಿ ಕಷ್ಟವೇ. ಪದ ಮುಗಿಯುವಾಗ ಎಲ್ಲರೂ ಕೂಡಿ ಜೋರಾಗಿ ಹೇಳುವ ಹೆಸರು ಒಂದೇ, ಅಂಕಿತದ್ದು.

ದಾಸರ ಪದಗಳಲ್ಲೂ ಇದೇ ನಿಯಮ. ಸುರಪುರದ ಆನಂದದಾಸರು ‘ಕಮಲೇಶವಿಠಲ’ ಅಂಕಿತದಲ್ಲಿ ಹಾಡು ಕಟ್ಟಿದರು. ಆ ಹಾಡುಗಳನ್ನು ಉಳಿಸಿದ್ದು ಹಬ್ಬ ಹುಣ್ಣಿಮೆಗೆ ಕೂಡಿ ಹಾಡಿದ ಮನೆಯ ಹೆಣ್ಣುಮಕ್ಕಳು. ಅಂಕಿತ ದಾಸರದ್ದು, ದನಿ ಅವರದ್ದು.

ಅಂಕಿತದ ಲೆಕ್ಕಾಚಾರ ಇನ್ನೂ ಕಡಕ್ಕಾಗಿ ಕಾಣುವುದು ಮೊಹರಂ ಪದಗಳಲ್ಲಿ. ರಿವಾಯತ ಎಂದು ಕರೆಯುವ ಈ ಕರ್ಬಲದ ಪದಗಳನ್ನು ಕಟ್ಟಿದವರಲ್ಲಿ, ಹಾಡುವವರಲ್ಲಿ ಎಲ್ಲ ಜಾತಿಯವರಿದ್ದಾರೆ. ಒಂದೂ ಮುಸಲ್ಮಾನರ ಮನೆಯಿಲ್ಲದ ಊರಲ್ಲೂ ಪೀರ್ ದೇವರು ಕೂಡ್ರುತ್ತವೆ. ಕರ್ನಾಟಕದ ಮೊಹರಂ ಬಗ್ಗೆ ರಹಮತ್ ತರೀಕೆರೆ ಮಾಡಿದ ಕೆಲಸ ಓದಿದವರಿಗೆ ಇದು ಹೊಸತಲ್ಲ. ಶಹಾಪುರದ ಹತ್ತಿರದ ಗೋಗಿ ನೆನಪಾಗುತ್ತದೆ. ಚಂದಾಹುಸೇನಿಯ ದರ್ಗಾದ ನೆರಳಲ್ಲಿ ವಿಜಯಪುರದ ಆದಿಲಶಾಹಿಯ ಮೊದಲ ಸುಲ್ತಾನರ ಗೋರಿಗಳಿವೆ. ಹುಸೇನರ ಕಥೆ ಈ ಮಣ್ಣಿಗೆ ಇಳಿದು ಶತಮಾನಗಳೇ ಆಗಿವೆ, ಇಳಿದು ಕನ್ನಡವಾಗಿದೆ.

ಹತ್ತು ದಿನದ ಹಬ್ಬದಲ್ಲಿ ಅಲಾಯಿ ಕುಣಿಗೆ ಬೆಂಕಿ ಬಿದ್ದ ಮೇಲೆ ಹೆಜ್ಜೆಮೇಳಗಳು ಇಳಿಯುತ್ತವೆ. ಹಲಗೆ ಬಡಿತಕ್ಕೆ ಹೆಜ್ಜೆ, ಹೆಜ್ಜೆಗೆ ಪದ. ಒಂದು ಮೇಳ ಪದದಲ್ಲೇ ಸವಾಲು ಹಾಕುತ್ತದೆ, ಎದುರು ಮೇಳ ಪದದಲ್ಲೇ ಜವಾಬು ಕೊಡಬೇಕು. ಜವಾಬು ಬರದಿದ್ದರೆ ಊರ ಮಂದಿ ಎದುರು ತಲೆ ತಗ್ಗಿಸಬೇಕು. ಗೀಗೀ ಪದದ ಹರದೇಶಿ ನಾಗೇಶಿಯದೂ ಇಂಥದೇ ಜಟಾಪಟಿ. ಹರದೇಶಿಯವರು ಗಂಡು ಹೆಚ್ಚು ಎಂದರೆ ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ, ಬೆಳಗಾದರೂ ತೀರ್ಪಾಗುವುದಿಲ್ಲ, ಆಗಬೇಕೆಂದು ಯಾರಿಗೂ ಆಸೆಯಿಲ್ಲ. ಇಂಥ ಪೈಪೋಟಿಯ ಪದಗಳಲ್ಲಿ ಕೊನೆಯ ನುಡಿಗೆ ವಿಶೇಷ ಬೆಲೆ. ಮುದ್ರಿಕೆ ಬರುವುದು ಅಲ್ಲಿಯೇ. ಮೊದಲು ಊರಿನ ಹೆಸರು, ಊರಿನ ದೇವರ ಹೆಸರು, ಆಮೇಲೆ ಕಲಿಸಿದ ಉಸ್ತಾದನ ಹೆಸರು, ಪದ ಕಟ್ಟಿದ ಕವಿಯ ಹೆಸರು, ಜಾಗ ಉಳಿದರೆ ಹಾಡುವ ಮೇಳದ ಹೆಸರು. ಭೂಮಿಯ ಪಹಣಿಯಷ್ಟೇ ಪಕ್ಕಾ ದಾಖಲೆ. ಪಹಣಿಯಲ್ಲಿ ನಡೆಯುವ ಕೈಚಳಕವೂ ಇಲ್ಲಿ ನಡೆಯುತ್ತದೆ. ಪರ ಊರ ಪದವನ್ನು ಕದ್ದು, ಕೊನೆ ನುಡಿಯಲ್ಲಿ ತಮ್ಮೂರಿನ ಹೆಸರು ತುರುಕಿ ಹಾಡಿದರೆಂದು ಮೇಳಮೇಳದ ನಡುವೆ ಜಗಳ ಹತ್ತುವುದುಂಟು. ಪ್ರಾಸ ಎಲ್ಲಿ ಎಡವಿತೋ ಅಲ್ಲಿ ಕಳವು ಸಿಕ್ಕಿಬಿತ್ತು ಎನ್ನುತ್ತಾರೆ ಹಳಬರು.

ಈ ಜಗಳವನ್ನು ಕೇಳಿದಾಗಲೆಲ್ಲ ನನಗೆ ಅಮೆರಿಕದ ಹಳ್ಳಿಹಾಡಿನ ಚರಿತ್ರೆ ನೆನಪಾಗುತ್ತದೆ. ಅಲ್ಲಿ ಕಂಟ್ರಿ ಸಂಗೀತ ಎಂದು ದೊಡ್ಡ ಉದ್ಯಮವಾಗಿ ಬೆಳೆದ ಹಾಡುಗಳ ಹುಟ್ಟಿನ ಲೆಕ್ಕವನ್ನು ಸಾಮಾನ್ಯವಾಗಿ 1927ರಿಂದ ಹಿಡಿಯುತ್ತಾರೆ. ಆ ಬೇಸಿಗೆಯಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಎಂಬಾತ ಟೆನೆಸ್ಸಿಯ ಬ್ರಿಸ್ಟಲ್ ಊರಿಗೆ ಧ್ವನಿಮುದ್ರಣದ ಯಂತ್ರ ತಂದು ಕೂತ. ಗುಡ್ಡಗಾಡಿನ ಮಂದಿ ಸಾಲಾಗಿ ಬಂದು ಹಾಡಿದರು. ಜಿಮ್ಮಿ ರಾಜರ್ಸ್ ಮತ್ತು ಕಾರ್ಟರ್ ಕುಟುಂಬ ಹೆಸರಾದದ್ದು ಆಗ. ಹಾಡಿನ ಹಕ್ಕು ಯಾರ ಹೆಸರಲ್ಲಿ ನೋಂದಾಯಿತೋ ಅವರಿಗೆ ಹಣ. ಹಾಗಾಗಿ ಎ. ಪಿ. ಕಾರ್ಟರ್ ಊರೂರು ತಿರುಗಿ ಹಳೆಯ ಹಾಡು ಕೂಡಿಸತೊಡಗಿದ. ಅವನ ಜೊತೆ ತಿರುಗಿ ಮಟ್ಟುಗಳನ್ನು ನೆನಪಿನಲ್ಲಿಟ್ಟುಕೊಂಡು ಬರುತ್ತಿದ್ದವನು ಲೆಸ್ಲಿ ರಿಡಲ್ ಎಂಬ ಕಪ್ಪುಜನಾಂಗದ ಗಿಟಾರ್ ವಾದಕ. ಗ್ರಾಮಫೋನ್ ತಟ್ಟೆಯ ಮೇಲೆ ಕಾರ್ಟರನ ಹೆಸರು ಬಂತು, ರಿಡಲನ ಹೆಸರು ಬರಲಿಲ್ಲ. ಹಾಡನ್ನು ಯಾರೋ ಅಜ್ಜಿ ಕಟ್ಟಿರಬಹುದು, ತಟ್ಟೆ ಕೊಂಡವರು ಹಾಡಿದವರನ್ನು ನೆನೆದರು. ಸಗರನಾಡಿನಲ್ಲಿ ಯಂತ್ರ ಬರಲಿಲ್ಲ, ಹಾಗಾಗಿ ಪದಕಾರ ಉಳಿದ, ಹಾಡುಗಾರ ಕರಗಿದ. ಎರಡರಲ್ಲಿ ಯಾವುದು ನ್ಯಾಯ ಎಂದರೆ ಎರಡೂ ಅರೆ ನ್ಯಾಯ ಎನ್ನುತ್ತೇನೆ.

ಎರಡೂ ಕಡೆ ಸಲ್ಲದೆ ಹೋದವರು ಬೀಸುವ ಪದದ ಹೆಣ್ಣುಮಕ್ಕಳು. ತ್ರಿಪದಿಗೆ ಅಂಕಿತ ಇಲ್ಲ. ಬೆಳಗಿನ ಜಾವ ಬೀಸುಕಲ್ಲಿನ ಗೂಟ ಹಿಡಿದವಳು ತವರಿಗೋ, ಅಣ್ಣನಿಗೋ, ಊರ ದೇವರಿಗೋ ಹೆಸರು ಹಾಕಿ ಹಾಡಿದಳು, ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಹಿತ್ತಲಿಗೆ ಹೋಯಿತು.

ಗಂಡಸರ ಹಂತಿ ಪದದ್ದೂ ಇದೇ ಗತಿ. ಕಣದ ನಡುವೆ ಮೇಟಿ ನೆಟ್ಟು, ಜೋಳದ ತೆನೆ ಹರಡಿ, ಎತ್ತುಗಳನ್ನು ಸಾಲುಗಟ್ಟಿ ರಾತ್ರಿಯಿಡೀ ತಿರುಗಿಸುವಾಗ ಹಾಡುತ್ತಿದ್ದ ಉದ್ದುದ್ದ ಕಥನದ ಪದಗಳವು. ಎತ್ತಿಗೂ ಆಳಿಗೂ ನಿದ್ದೆ ಹತ್ತಬಾರದು ಎಂಬುದೇ ಅದರ ಮೊದಲ ಉದ್ದೇಶ, ಹಾಗಾಗಿ ಕಥೆ ಬೇಗ ಮುಗಿಯುವ ಹಾಗಿರಲಿಲ್ಲ. 1982ರಲ್ಲಿ ನಾರಾಯಣಪುರದ ಬಸವಸಾಗರ ಕಟ್ಟಿ ಮುಗಿಯಿತು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಎರಿ ಹೊಲಕ್ಕೆ ಹರಿಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಆಂಧ್ರದ ರೈತರ ಕ್ಯಾಂಪುಗಳು ಎದ್ದವು, ರಾಶಿ ಮಷೀನು ಬಂತು. ಮಷೀನಿನ ಎದುರು ಹಂತಿ ಹಾಡುವವನು ಹುಚ್ಚ. ನೀರು ಸಿಗದ ಮಂದಿ ಬೆಂಗಳೂರು, ಮುಂಬಯಿಗೆ ಗುಳೆ ಹೋದರು. ನೀರಾವರಿಯಿಂದ ಜನರ ಹೊಟ್ಟೆ ತುಂಬಿದ್ದನ್ನು ಮರೆತು ಹಂತಿ ಪದಕ್ಕಾಗಿ ಅಳುವುದು ನನಗೆ ಸಮ್ಮತವಿಲ್ಲ. ಆದರೆ ಆ ಪದಗಳು ಹೋಗುವ ಮುನ್ನ ಯಾರಾದರೂ ಒಂದು ಟೇಪ್ ರೆಕಾರ್ಡರ್ ಹಿಡಿದು ಕಣಕ್ಕೆ ಬಂದಿದ್ದರೆ ಎಂದು ಅನಿಸುತ್ತದೆ. ಹಲಸಂಗಿಗೆ ಹೆಗಲ ಮೇಲೆ ಚೀಲ ಹಾಕಿಕೊಂಡ ಗೆಳೆಯರಿದ್ದರು.

ಡೊಳ್ಳಿನ ಪದಕ್ಕೆ ಸದ್ಯ ಈ ಕಷ್ಟ ಬಂದಿಲ್ಲ, ಏಕೆಂದರೆ ಅದು ಜಾತ್ರೆಗೆ ಅಂಟಿಕೊಂಡಿದೆ. ಯಾದಗಿರಿ ಹತ್ತಿರದ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಸಂಕ್ರಾಂತಿಯ ಹೊತ್ತಿಗೆ ಬಂದು ನಿಂತರೆ ಸಾಕು. ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಲ್ಲಿಸಿದೆ, ಡೊಳ್ಳು ನಿಲ್ಲಿಸುವವರಿಲ್ಲ.

ರೇಡಿಯೊ, ಕ್ಯಾಸೆಟ್ಟುಗಳ ಕಾಲದಲ್ಲಿ ಈ ಸೀಮೆಯವರಿಗೆ ಸಿಕ್ಕಿದ್ದೆಷ್ಟು? ಕಲಬುರಗಿ ಆಕಾಶವಾಣಿ ಬಂದ ಮೇಲೆ ಭಜನಿ ಮೇಳದವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಬಸ್ ಹತ್ತಿ ಸ್ಟುಡಿಯೊಕ್ಕೆ ಹೋಗಿ ಹಾಡಿ ಬಂದದ್ದುಂಟು. ಪ್ರಸಾರದ ದಿನ ಊರೆಲ್ಲ ಒಂದು ರೇಡಿಯೊದ ಸುತ್ತ ಕೂತು ಕೇಳುತ್ತಿತ್ತು. ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿ ವಚನಗಳನ್ನು ರಾಗಸಂಗೀತದ ವೇದಿಕೆಗೆ ಏರಿಸಿ ಇಡೀ ಭಾಗಕ್ಕೆ ಹೆಸರು ತಂದರು. ರಾಯಚೂರಿನ ರಂಗಮಂದಿರಕ್ಕೆ ಇವತ್ತು ಅವರದೇ ಹೆಸರಿದೆ. ವಚನ, ತತ್ವಪದಗಳಲ್ಲಿ ಅದೇ ಜಿಲ್ಲೆಯ ಅಂಬಯ್ಯ ನುಲಿ ಹೆಸರಾದರು. ಕ್ಯಾಸೆಟ್ಟಿನ ಸುಗ್ಗಿಯಲ್ಲಿ ಉತ್ತರ ಕರ್ನಾಟಕದ ಮನೆಮಾತಾದವರು ಗುರುರಾಜ ಹೊಸಕೋಟಿ. ಯಾದಗಿರಿ ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲೂ ಅವರ ದನಿಯೇ. ಎಲ್ಲರೂ ದೊಡ್ಡವರು. ಆದರೆ ಒಬ್ಬರೂ ಸಗರನಾಡಿನ ಊರುಗಳಿಂದ ಬಂದವರಲ್ಲ. ಕ್ಯಾಸೆಟ್ ಕಂಪನಿಗಳ ಆಫೀಸು ಹುಬ್ಬಳ್ಳಿ, ಬೆಂಗಳೂರಿನಲ್ಲಿದ್ದವು. ಶಹಾಪುರದಿಂದ ಹೋದವನು ಎರಡು ರಾತ್ರಿ ಲಾಡ್ಜಿನ ಬಾಡಿಗೆ ಕೊಟ್ಟು, ತನ್ನ ಹಿಮ್ಮೇಳ ಬಿಟ್ಟು, ಪರಿಚಯವಿಲ್ಲದ ವಾದ್ಯದವರ ಜೊತೆ ಹಾಡಬೇಕಿತ್ತು. ಮೇಳದಲ್ಲಿ ಹುಲಿಯಾದವನು ಅಲ್ಲಿ ಇಲಿಯಾಗಿ ಬರುತ್ತಿದ್ದ.

ಮೊಬೈಲು ಬಂದ ಮೇಲೆ ಹುಬ್ಬಳ್ಳಿಗೆ ಹೋಗುವ ಖರ್ಚು ಉಳಿಯಿತು. ಈಗ ರಿವಾಯತ, ಭಜನಿ, ಡೊಳ್ಳಿನ ಪದ ಎಲ್ಲ ಯೂಟ್ಯೂಬಿನಲ್ಲಿವೆ. ಗುಳೆ ಹೋದವನು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಕೂತು ತಮ್ಮೂರ ಹೆಜ್ಜೆಮೇಳ ನೋಡುತ್ತಾನೆ. ಜಾನಪದ ಎಂಬ ಹಣೆಪಟ್ಟಿ ಹಚ್ಚಿಕೊಂಡು ಡಿಜೆ ತಾಳಕ್ಕೆ ಬರುವ ಪ್ರೇಮದ ಹಾಡುಗಳದು ಬೇರೆ ಸುಗ್ಗಿ. ಅದರಲ್ಲಿ ಬಹುಪಾಲು ಜೊಳ್ಳು, ನಡುನಡುವೆ ಕಾಳು. ಜೊಳ್ಳೆಂದು ಬೈಯುವವರು ಹಳೆಯ ಲಾವಣಿಗಳಲ್ಲಿ ಎಷ್ಟು ಪೋಲಿ ಮಾತಿತ್ತು ಎಂಬುದನ್ನು ಮರೆತಿರುತ್ತಾರೆ. ಸಂಗ್ರಾಹಕರು ಅಂಥವನ್ನು ಬದಿಗೆ ಸರಿಸಿ ಅಚ್ಚು ಹಾಕಿಸಿದ್ದರಿಂದ ಹಳೆಯದೆಲ್ಲ ಮಡಿಯಾಗಿ ಕಾಣುತ್ತದೆ, ಅಷ್ಟೇ.

ಬದಲಾದದ್ದು ಕೊನೆಯ ನುಡಿ. ಊರು, ದೇವರು, ಉಸ್ತಾದ, ಕವಿ ಎಂಬ ಹಳೆಯ ಸಾಲಿಗೆ ಈಗ ಚಾನೆಲ್ಲಿನ ಹೆಸರೂ ಪ್ರಾಸ ಹೊಂದಿಸಿಕೊಂಡು ಬರತೊಡಗಿದೆ. ವಿಡಿಯೊದ ಮೇಲೆ ಹಾಡಿದವನ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಮಗ್ಗುಲಲ್ಲೇ ಅವನ ಫೋಟೊ, ಕಾರ್ಯಕ್ರಮಕ್ಕೆ ಕರೆಸಬೇಕೆಂದರೆ ಫೋನ್ ನಂಬರು. ಇನ್ನೂರು ವರ್ಷ ಅಂಕಿತದ ಹಿಂದೆ ಮರೆಯಾಗಿ ಕೂತಿದ್ದ ಹಾಡುಗಾರ ಕಡೆಗೂ ಮುಂದೆ ಬಂದಿದ್ದಾನೆ. ಮಡಿವಾಳಪ್ಪನ ಪದ ಹಾಕಿದ ಎಷ್ಟೋ ವಿಡಿಯೊಗಳಲ್ಲಿ ಈಗ ಮಡಿವಾಳಪ್ಪನ ಹೆಸರೇ ಇರುವುದಿಲ್ಲ, ಅಂಕಿತ ಬರುವ ನುಡಿಗೆ ಮೊದಲೇ ಹಾಡು ಕತ್ತರಿಸಿರುತ್ತದೆ. ಹಿಮ್ಮೇಳದವರ ಹೆಸರಿಗೆ ಆಗಲೂ ಜಾಗವಿರಲಿಲ್ಲ, ಈಗಲೂ ಇಲ್ಲ.